ಜಗಳ ಬಗೆಹರಿಸಿಕೊಳ್ಳುವುದನ್ನು ತರಗತಿಯಲ್ಲಿ ಕಲಿಸುವ ಬಗೆ

ಶಾಂತಿ ಶಿಕ್ಷಣ ಎಂದರೆ ಎಷ್ಟೋ ಶಾಲೆಗಳಲ್ಲಿ ವರ್ಷಕ್ಕೊಂದು ಭಾಷಣ, ಒಂದು ಪ್ರತಿಜ್ಞೆ. ಮಾರನೇ ದಿನ ಹೊಡೆದಾಟ ಹಾಗೇ ಇರುತ್ತದೆ. ಸಿಟ್ಟು ತಡೆದುಕೊಳ್ಳುವುದು ಅಭ್ಯಾಸದಿಂದ ಬರುವ ವಿದ್ಯೆ. ಅದಕ್ಕೆ ವೇಳಾಪಟ್ಟಿಯಲ್ಲೇ ಜಾಗ ಬೇಕು. ಸಿಲಬಸ್ ಹಿಂದೆ ಬೀಳುತ್ತದೆಂಬ ಆತಂಕ ಬೇಡ. ಭಾವನೆಗಳನ್ನು ನಿಭಾಯಿಸುವುದನ್ನು, ಬೇರೆಯವರ ಜೊತೆ ಹೊಂದಿಕೊಳ್ಳುವುದನ್ನು ಶಾಲೆಯಲ್ಲಿ ಕಲಿಸುವ 213 ಕಾರ್ಯಕ್ರಮಗಳ ಫಲಿತಾಂಶವನ್ನು ಒಟ್ಟಿಗೆ ಪರಿಶೀಲಿಸಿದ 2011ರ ಅಧ್ಯಯನದಲ್ಲಿ ಮಕ್ಕಳ ನಡವಳಿಕೆಯ ಜೊತೆಗೆ ಓದೂ ಸುಧಾರಿಸಿದ್ದು ಕಂಡುಬಂತು.

ಮೊದಲು ಒಂದೇ ತರಗತಿಯಲ್ಲಿ ಶುರುಮಾಡಿ. ವಾರಕ್ಕೆ ಎರಡು ಸಲ, 20 ನಿಮಿಷ ಸಾಕು. ಮಕ್ಕಳು ದಣಿದಿರುವ ಕೊನೆಯ ಪೀರಿಯಡ್ ಬೇಡ. ಎಲ್ಲರೂ ಸುತ್ತಲೂ ಕೂರಲಿ, ಟೀಚರ್ ಕೂಡ ಅವರ ಮಟ್ಟದಲ್ಲೇ ಕೂರಬೇಕು. ಒಂದು ಚೆಂಡು ಕೈಯಿಂದ ಕೈಗೆ ಹೋಗಲಿ. ಚೆಂಡು ಯಾರ ಕೈಲಿದೆಯೋ ಅವರದೇ ಮಾತು. ಮಾತು ಬೇಡವೆಂದರೆ ಮುಂದಿನವರಿಗೆ ದಾಟಿಸಬಹುದು. ಈ ಸ್ವಾತಂತ್ರ್ಯ ಇಲ್ಲದಿದ್ದರೆ ಮಕ್ಕಳು ಟೀಚರ್‌ಗೆ ಹಿಡಿಸುವ ಉತ್ತರ ಕಟ್ಟಲು ಶುರುಮಾಡುತ್ತಾರೆ. ನಲವತ್ತು ಮಕ್ಕಳಿದ್ದರೆ ತಲಾ 20 ಸೆಕೆಂಡಿಗೇ 13 ನಿಮಿಷ ಆಗುತ್ತದೆ, ಹಾಗಾಗಿ ಪ್ರಶ್ನೆ ಚಿಕ್ಕದಿರಲಿ: ‘ಈಗ ಮನಸ್ಸು ಹೇಗಿದೆ, ಒಂದೇ ಪದದಲ್ಲಿ ಹೇಳಿ.’

ಮೊದಮೊದಲು ಖುಷಿ, ಬೇಜಾರು, ಸಿಟ್ಟು ಇಷ್ಟೇ ಬರುತ್ತವೆ. ವಾರಕ್ಕೆ ಎರಡು ಪದ ಸೇರಿಸಿ: ಅವಮಾನ, ಕಸಿವಿಸಿ, ಅಸೂಯೆ, ನಿರಾಸೆ, ಒಂಟಿತನ. ಸಿಟ್ಟೆಂದು ಕಾಣುವುದು ಎಷ್ಟೋ ಸಲ ಅವಮಾನವೇ ಆಗಿರುತ್ತದೆ. ಅದರ ಹೆಸರು ಗೊತ್ತಿರುವ ಮಗುವಿಗೆ ಕೈ ಎತ್ತುವ ಬದಲು ಬಾಯಿ ಬಿಟ್ಟು ಹೇಳುವ ದಾರಿ ಸಿಗುತ್ತದೆ. ಜೊತೆಗೆ ಉಸಿರಾಟ ಕಲಿಸಿ: 4 ಎಣಿಸುವಷ್ಟು ಒಳಗೆ, 6 ಎಣಿಸುವಷ್ಟು ಹೊರಗೆ, ಐದು ಸಲ. ಕಣ್ಣು ಮುಚ್ಚಲೇಬೇಕೆಂದು ಒತ್ತಾಯಿಸಬೇಡಿ. ಹಿಂಸೆ ಕಂಡ ಮಕ್ಕಳಿಗೆ ಅದರಿಂದ ಭಯ ಹೆಚ್ಚಬಹುದು.

ಇನ್ನು ನಿಜವಾದ ಜಗಳ. ಬಿಡಿಸಿದ ಕೂಡಲೇ ವಿಚಾರಣೆ ಬೇಡ. ಇಬ್ಬರನ್ನೂ ದೂರ ಕೂರಿಸಿ, ನೀರು ಕೊಟ್ಟು, ಕನಿಷ್ಠ ಕಾಲು ಗಂಟೆ ಬಿಡಿ. ಕುದಿಯುತ್ತಿರುವಾಗ ಕೇಳಿದ್ದು ತಲೆಗೆ ಹೋಗುವುದಿಲ್ಲ. ಆಮೇಲೆ ಒಬ್ಬೊಬ್ಬರಿಗೂ ಇದೇ ನಾಲ್ಕು ಪ್ರಶ್ನೆ ಕೇಳಿ: ಏನಾಯ್ತು? ಆಗ ನಿನಗೆ ಏನನ್ನಿಸಿತು? ಇದರಿಂದ ಯಾರಿಗೆ ನೋವಾಯ್ತು? ಸರಿಮಾಡೋಕೆ ಏನು ಮಾಡಬೇಕು? ‘ಯಾಕೆ ಹೊಡೆದೆ?’ ಎಂದು ಕೇಳಬಾರದು, ಅದಕ್ಕೆ ಬರುವುದು ಸಮರ್ಥನೆ ಮಾತ್ರ. ಒಬ್ಬ ಹೇಳಿದ್ದನ್ನು ಇನ್ನೊಬ್ಬ ತನ್ನ ಮಾತಿನಲ್ಲಿ ತಿರುಗಿ ಹೇಳಲಿ: ‘ಟೀಮಿಗೆ ಕರೀಲಿಲ್ಲ ಅಂತ ಅವನಿಗೆ ಅವಮಾನ ಆಯ್ತಂತೆ.’ ಹೀಗೆ ಹೇಳುವಾಗಲೇ ಮುಖ ಸಡಿಲವಾಗುವುದನ್ನು ನೋಡಬಹುದು.

ಬಲವಂತದ ‘ಸಾರಿ’ ಬೇಡವೇ ಬೇಡ. ಒಪ್ಪಂದ ಚಿಕ್ಕದಾಗಿರಲಿ, ಆಯಿತೋ ಇಲ್ಲವೋ ನೋಡುವಂತಿರಲಿ. ‘ಇನ್ನು ಜಗಳ ಆಡಲ್ಲ’ ಎಂಬುದರಿಂದ ಉಪಯೋಗವಿಲ್ಲ. ‘ನಾಳೆ ಟೀಮ್ ಮಾಡುವಾಗ ಅವನನ್ನೂ ಕರೀತೀನಿ’ ಎಂದರೆ ಅರ್ಥವಿದೆ. ಎರಡು ದಿನ ಬಿಟ್ಟು ಮರೆಯದೆ ವಿಚಾರಿಸಿ. ಈ ಹಂತವನ್ನು ಬಿಟ್ಟುಬಿಡುವುದರಿಂದಲೇ ಹೆಚ್ಚಿನ ಒಪ್ಪಂದಗಳು ಮುರಿಯುತ್ತವೆ.

ಒಂದು ಎಚ್ಚರಿಕೆ. ಬಲವಿರುವ ಮಗು ಬಲವಿಲ್ಲದ ಮಗುವನ್ನು ಮತ್ತೆ ಮತ್ತೆ ಕಾಡುತ್ತಿದ್ದರೆ ಅದು ಜಗಳವಲ್ಲ, ಕಿರುಕುಳ. ಅಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸಿದರೆ ನೊಂದ ಮಗು ಇನ್ನಷ್ಟು ಕುಗ್ಗುತ್ತದೆ. ಮೊದಲು ರಕ್ಷಣೆ ಕೊಡಿ, ಕಾಡಿದ ಮಗುವಿನ ಜೊತೆ ಬೇರೆಯಾಗಿ ಮಾತಾಡಿ. ಮನೆಯಲ್ಲಿ ಏಟು, ದೌರ್ಜನ್ಯ ನಡೆಯುತ್ತಿದೆಯೆಂದು ಮಗು ಹೇಳಿದರೆ ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ. ಸಹಾಯ ಮಾಡಬಲ್ಲವರಿಗೆ ತಿಳಿಸಬೇಕಾಗುತ್ತದೆಂದು ಮೆಲ್ಲಗೆ ವಿವರಿಸಿ, ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೆ ಅಂದೇ ತಿಳಿಸಿ.

ಇದಕ್ಕೆ ಅಂಕ ಕೊಡಬಾರದು, ಕೊಟ್ಟರೆ ನಾಟಕ ಶುರುವಾಗುತ್ತದೆ. ಬದಲಿಗೆ ಮೂರು ತಿಂಗಳಿಗೊಮ್ಮೆ ಶಾಲೆಯ ನಕ್ಷೆಯ ಪ್ರತಿ ಹಂಚಿ, ಭಯವಾಗುವ ಜಾಗಕ್ಕೆ ಹೆಸರು ಬರೆಯದೆ ಗುರುತು ಹಾಕಲು ಹೇಳಿ. ಶೌಚಾಲಯದ ಹಾದಿಯಲ್ಲೋ ಮೆಟ್ಟಿಲ ಕೆಳಗೋ ಗುರುತುಗಳು ಒತ್ತೊತ್ತಾಗಿದ್ದರೆ ಬಿಡುವಿನ ವೇಳೆ ಅಲ್ಲಿ ದೊಡ್ಡವರೊಬ್ಬರು ಇರಬೇಕು. ಶುರುವಿನಲ್ಲಿ ದೂರುಗಳು ಹೆಚ್ಚಾದರೆ ಗಾಬರಿಯಾಗಿ ನಿಲ್ಲಿಸಬೇಡಿ. ಇಷ್ಟು ದಿನ ಸುಮ್ಮನಿದ್ದ ಮಕ್ಕಳು ಈಗ ಬಾಯಿಬಿಡುತ್ತಿರಬಹುದು.