ಕೆಲಸದ ದಾರಿಯಲ್ಲಿ ನಿಮ್ಮ ಸೈಕಲ್ಲಿನ ನಿಜವಾದ ವೇಗ ಎಷ್ಟು?

ಸೈಕಲ್ ತುಳಿದು ಕೆಲಸಕ್ಕೆ ಹೋಗುವವರನ್ನು ‘ಎಷ್ಟು ಸ್ಪೀಡಲ್ಲಿ ಹೋಗ್ತೀರಿ?’ ಎಂದು ಕೇಳಿದರೆ ಥಟ್ಟನೆ ಬರುವ ಉತ್ತರ ‘ಇಪ್ಪತ್ತೈದು’. ನಾನೂ ವರ್ಷಗಟ್ಟಲೆ ಹಾಗೇ ಹೇಳಿಕೊಂಡು ತಿರುಗಿದವನು. ಯಾವತ್ತೋ ಇಳಿಜಾರಿನಲ್ಲಿ ಮೀಟರ್ ತೋರಿಸಿದ ಅಂಕಿ ತಲೆಯಲ್ಲಿ ಕೂತುಬಿಟ್ಟಿತ್ತು. ಆದರೂ ದಿನಾ ಐದು ನಿಮಿಷ ತಡ. ಕೊನೆಗೊಂದು ದಿನ, ಮನೆಗೆ ಬೀಗ ಹಾಕಿದ ಕ್ಷಣದಿಂದ ಕುರ್ಚಿಯಲ್ಲಿ ಕೂತ ಕ್ಷಣದವರೆಗೆ ಗಡಿಯಾರ ಹಿಡಿದೆ. 8 ಕಿ.ಮೀ.ಗೆ 34 ನಿಮಿಷ! ಗಂಟೆಗೆ ಹದಿನಾಲ್ಕು ಕಿ.ಮೀ. ದಾಟಲು ತಿಣುಕಾಡುವ ವೇಗ.

ನಿಮ್ಮ ಅಂಕಿಯನ್ನು ಪತ್ತೆಹಚ್ಚುವುದೂ ಕಷ್ಟವಲ್ಲ. ಒಂದು ಗಡಿಯಾರ, ಒಂದು ಚೀಟಿ, ಎರಡು ವಾರದ ತಾಳ್ಮೆ ಇದ್ದರೆ ಸಾಕು.

ಹಂತ 1: ದಾರಿ ಅಳೆಯಿರಿ

ಫೋನಿನ ನಕ್ಷೆಯಲ್ಲಿ ನೀವು ನಿಜಕ್ಕೂ ಹೋಗುವ ದಾರಿಯನ್ನೇ ಹಿಡಿದು ದೂರ ನೋಡಿ. ಫೋನ್ ಸವಾರಿಯುದ್ದಕ್ಕೂ ದಾಖಲಿಸುವ ದೂರವನ್ನು ಕಣ್ಣುಮುಚ್ಚಿ ನಂಬಬೇಡಿ. ಎತ್ತರದ ಕಟ್ಟಡಗಳ ನಡುವೆ ಉಪಗ್ರಹದ ಸಂಕೇತ ಚದುರಿ, ನೇರ ಹೋದವರನ್ನೂ ಅದು ಅಂಕುಡೊಂಕಾಗಿ ಓಡಾಡಿಸಿಬಿಡುತ್ತದೆ.

ಚಕ್ರಕ್ಕೆ ಕಟ್ಟುವ ಮೀಟರ್ ಇದ್ದರೆ ಅದಕ್ಕೆ ಚಕ್ರದ ಸುತ್ತಳತೆ ಸರಿಯಾಗಿ ತುಂಬಿರಬೇಕು. ಮುಂದಿನ ಚಕ್ರದ ವಾಲ್ವ್ ನೇರ ಕೆಳಗೆ ಬರುವಂತೆ ನಿಲ್ಲಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕಿ. ಸೀಟಿನ ಮೇಲೆ ಕೂತೇ, ವಾಲ್ವ್ ಮತ್ತೆ ಕೆಳಗೆ ಬರುವವರೆಗೆ ಮುಂದಕ್ಕೆ ಉರುಳಿಸಿ ಇನ್ನೊಂದು ಗೀಟು. ಎರಡರ ನಡುವಿನ ಅಂತರವೇ ಸುತ್ತಳತೆ. ಕೂತೇ ಅಳೆಯಿರಿ ಎಂದದ್ದಕ್ಕೆ ಕಾರಣವಿದೆ: ನಮ್ಮ ಭಾರಕ್ಕೆ ಟೈರು ತುಸು ಅಮುಕಿ ಸುತ್ತಳತೆ ಕಡಿಮೆಯಾಗುತ್ತದೆ. 700×25 ಅಳತೆಯ ಟೈರಿಗೆ ಇದು ಸುಮಾರು 2,100 ಮಿ.ಮೀ. ಇಲ್ಲಿ ನೂರಕ್ಕೆ ಮೂರರಷ್ಟು ಹೆಚ್ಚು ತುಂಬಿದರೆ ಮೀಟರೂ ನಿಮ್ಮ ವೇಗವನ್ನು ಅಷ್ಟೇ ಹೆಚ್ಚಿಸಿ ಹೊಗಳುತ್ತದೆ.

ಹಂತ 2: ಎರಡು ಸಮಯ ಬರೆದಿಡಿ

ಒಂದು, ಚಕ್ರ ತಿರುಗಿದ ಸಮಯ. ಇನ್ನೊಂದು, ಬಾಗಿಲಿನಿಂದ ಬಾಗಿಲಿಗೆ ಹಿಡಿದ ಸಮಯ. ಬಹಳಷ್ಟು ಮೀಟರುಗಳು, ಆ್ಯಪುಗಳು ನೀವು ನಿಂತ ಕೂಡಲೇ ತಾವೂ ನಿಲ್ಲುತ್ತವೆ. ಸಿಗ್ನಲ್ಲಿನಲ್ಲಿ ಒಂದು ಕಾಲೂರಿ ನಿಂತ ಹೊತ್ತೆಲ್ಲ ಲೆಕ್ಕದಿಂದ ಮಾಯ. ನನ್ನ 34 ನಿಮಿಷದಲ್ಲಿ ಚಕ್ರ ತಿರುಗಿದ್ದು 26 ನಿಮಿಷ ಮಾತ್ರ. ಆ ಲೆಕ್ಕದಲ್ಲಿ ವೇಗ ಗಂಟೆಗೆ 18.5 ಕಿ.ಮೀ. ಉಳಿದ ಎಂಟು ನಿಮಿಷ ಸಿಗ್ನಲ್ಲು, ಸೈಕಲ್ಲಿನ ಬೀಗ, ಮೆಟ್ಟಿಲುಗಳ ಪಾಲು. ದೇಹ ಎಷ್ಟು ದುಡಿಯಿತು ಎಂಬುದು ಮೊದಲ ಅಂಕಿಯಲ್ಲಿದೆ, ಎಷ್ಟು ಹೊತ್ತಿಗೆ ಹೊರಡಬೇಕು ಎಂಬುದು ಎರಡನೆಯದರಲ್ಲಿ.

ಹಂತ 3: ಹನ್ನೊಂದು ದಿನ ಬಿಡದೆ ಬರೆಯಿರಿ

ಹತ್ತೇಕಲ್ಲ ಎಂದರೆ, ಹನ್ನೊಂದನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿಟ್ಟಾಗ ಆರನೆಯದು ಸರಿಯಾಗಿ ನಡುವೆ ಬರುತ್ತದೆ. ಅದೇ ನಿಮ್ಮ ಮಾಮೂಲಿ ಸಮಯ. ಎಲ್ಲವನ್ನೂ ಕೂಡಿ ಭಾಗಿಸಿದರೆ ಒಂದೇ ಒಂದು ಕೆಟ್ಟ ದಿನ ಇಡೀ ಲೆಕ್ಕವನ್ನು ಎಳೆದಾಡುತ್ತದೆ. ಪಂಕ್ಚರ್ ಆದ ದಿನವನ್ನು ಪಟ್ಟಿಗೆ ಸೇರಿಸಲೇಬೇಡಿ.

ಬೆಳಗಿನದು, ಸಂಜೆಯದು ಬೇರೆ ಬೇರೆ ಇರಲಿ. ಎದುರುಗಾಳಿಯೋ ಏರೋ ಹೋಗುವಾಗ ಕಾಡಿದರೆ ಬರುವಾಗ ಸರಿಹೋಗುತ್ತದೆ ಎಂಬ ನಂಬಿಕೆ ಎಲ್ಲರಿಗೂ ಇದೆ. ಸರಿಹೋಗುವುದಿಲ್ಲ. 8 ಕಿ.ಮೀ. ಹೋಗುವಾಗ ಗಂಟೆಗೆ 15, ಬರುವಾಗ 25 ಎಂದಿಟ್ಟುಕೊಳ್ಳಿ. ಸರಾಸರಿ 20 ಅನ್ನಿಸುತ್ತದೆ. ಆದರೆ ಹೋಗಲು 32 ನಿಮಿಷ, ಬರಲು 19 ನಿಮಿಷ 12 ಸೆಕೆಂಡು. 16 ಕಿ.ಮೀ.ಗೆ 51 ನಿಮಿಷದ ಮೇಲಾಯಿತು, ಅಂದರೆ ಸರಾಸರಿ 18.75. ನಿಧಾನದ ಸವಾರಿಯಲ್ಲಿ ನಾವು ಹೆಚ್ಚು ಹೊತ್ತು ಕಳೆಯುವುದರಿಂದ ಲೆಕ್ಕ ಅತ್ತಲೇ ವಾಲುತ್ತದೆ.

ಹಂತ 4: ಬಂದ ಅಂಕಿಯನ್ನು ಯಾರ ಜೊತೆಗೂ ಹೋಲಿಸಬೇಡಿ

ಪೇಟೆಯ ವಾಹನಗಳ ನಡುವೆ ಸಾದಾ ಸೈಕಲ್ಲಿಗೆ, ಚಕ್ರ ತಿರುಗಿದ ಲೆಕ್ಕದಲ್ಲಿ, ಗಂಟೆಗೆ 15ರಿಂದ 20 ಕಿ.ಮೀ. ತೀರಾ ಸಹಜ. ಇಟಲಿಯ ಫಿಲಿಪ್ಪೊ ಗನ್ನಾ 2022ರ ಅಕ್ಟೋಬರ್‌ನಲ್ಲಿ ಒಂದು ಗಂಟೆಯಲ್ಲಿ 56.792 ಕಿ.ಮೀ. ತುಳಿದರು ನಿಜ. ಆದರೆ ಅದು ಒಳಾಂಗಣದ ಟ್ರ್ಯಾಕ್. ಅಲ್ಲಿ ಸಿಗ್ನಲ್ ಇರಲಿಲ್ಲ, ಗನ್ನಾ ಬೆನ್ನಿಗೆ ಲ್ಯಾಪ್‌ಟಾಪ್ ಚೀಲವೂ ಇರಲಿಲ್ಲ.

ಹಂತ 5: ಸಮಯ ಸೋರುವ ಜಾಗ ಹುಡುಕಿ

ಬೇಗ ತಲುಪಬೇಕೆಂದರೆ ನೆಟ್ಟನೆಯ ರಸ್ತೆಯಲ್ಲಿ ಬಿರುಸಾಗಿ ತುಳಿಯಬೇಕು ಎಂದೇ ಎಲ್ಲರ ಎಣಿಕೆ. ಅದರಷ್ಟು ದುಬಾರಿ ದಾರಿ ಇನ್ನೊಂದಿಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅದನ್ನು ಸೀಳಿಕೊಂಡು ಹೋಗಲು ಪ್ರತಿ ಸೆಕೆಂಡಿಗೆ ಬೇಕಾದ ಶಕ್ತಿ ಘನಕ್ಕೆ ತಕ್ಕಂತೆ. ವೇಗ ಇಮ್ಮಡಿಸಿದರೆ ಗಾಳಿಗೆ ತೆರುವ ಶಕ್ತಿ ಎಂಟು ಪಟ್ಟು! ಗಂಟೆಗೆ 20ರಿಂದ 25ಕ್ಕೆ ಹೋದರೂ ಹೆಚ್ಚುಕಡಿಮೆ ಎರಡು ಪಟ್ಟು. ಬೆವರಿ ತೊಪ್ಪೆಯಾದ ಅಂಗಿಯ ಲೆಕ್ಕ ಬೇರೆ.

ಈಗ ನಿಧಾನದ ತುಂಡುಗಳನ್ನು ನೋಡಿ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಏದುಸಿರು ಬಿಡುತ್ತಾ ಹತ್ತುವ ಒಂದು ಕಿ.ಮೀ. ಏರು ಆರು ನಿಮಿಷ ತಿನ್ನುತ್ತದೆ. ಅಲ್ಲಿ ವೇಗ 12ಕ್ಕೆ ಏರಿದರೆ ಒಂದು ನಿಮಿಷ ಉಳಿಯಿತು. ಅದೇ ಒಂದು ಕಿ.ಮೀ. ನೆಟ್ಟನೆಯ ರಸ್ತೆಯಲ್ಲಿ ವೇಗವನ್ನು 25ರಿಂದ 27ಕ್ಕೆ ಏರಿಸಿದರೆ ಉಳಿಯುವುದು ಹನ್ನೊಂದೇ ಸೆಕೆಂಡು. ಹಾಗಾಗಿ ಏರು, ಹಾಳು ರಸ್ತೆ, ಜನಜಂಗುಳಿಯ ತಿರುವುಗಳ ಕಡೆ ಗಮನ ಕೊಡಿ. ಅರ್ಧ ಕಿ.ಮೀ. ಬಳಸಾದರೂ ಎರಡು ಸಿಗ್ನಲ್ ತಪ್ಪಿಸುವ ಒಳರಸ್ತೆ ಸಿಕ್ಕಿದರೆ ಒಂದು ವಾರ ಅಲ್ಲಿ ತುಳಿದು ನೋಡಿ, ಸಮಯ ಬರೆದಿಡಿ.

ಕೆಂಪು ದೀಪಕ್ಕೆ ನಿಲ್ಲುವುದೆಂದರೆ ಬರೀ ಕಾಯುವುದಲ್ಲ, ಗಳಿಸಿದ ಓಟವನ್ನೆಲ್ಲ ಬ್ರೇಕಿಗೆ ಸುರಿದು ಮತ್ತೆ ಸೊನ್ನೆಯಿಂದ ಶುರುಮಾಡುವುದು. ದೂರದಲ್ಲೇ ಕೆಂಪು ಕಂಡರೆ ತುಳಿಯುವುದನ್ನು ನಿಲ್ಲಿಸಿ ಸೈಕಲ್ಲನ್ನು ಅದರ ಪಾಡಿಗೆ ಹರಿಯಲು ಬಿಡಿ. ಕಾಲೂರುವ ಮೊದಲೇ ಹಸಿರು ಬಂದರೆ ಲಾಭ. ಕೋಪನ್‌ಹೇಗನ್‌ನ ನೋರೆಬ್ರೊಗೇಡ್ ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ತುಳಿಯುವವರಿಗೆ ಹಸಿರು ಸಾಲಾಗಿ ಸಿಗುವಂತೆ ಸಿಗ್ನಲ್ಲುಗಳನ್ನು ಹೊಂದಿಸಿದ್ದಾರೆ. ಅಲ್ಲಿ 28ರಲ್ಲಿ ಹಾರಿಹೋದವರಿಗೆ ಮುಂದಿನ ದೀಪ ಕೆಂಪಾಗಿಯೇ ಕಾದಿರುತ್ತದೆ.

ಇನ್ನು ಸೈಕಲ್ಲಿನ ಆರೈಕೆ. ವಾರಕ್ಕೊಮ್ಮೆ ಗಾಳಿ ಹಾಕಿ. ಪಂಕ್ಚರ್ ಇಲ್ಲದಿದ್ದರೂ ಟ್ಯೂಬಿನಿಂದ ಗಾಳಿ ಮೆಲ್ಲಗೆ ಇಳಿಯುತ್ತಲೇ ಇರುತ್ತದೆ. ಎಷ್ಟು ಹಾಕಬಹುದೆಂಬ ಮಿತಿ ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಚೈನಿಗೆ ಎಣ್ಣೆ ಬಿಟ್ಟ ಮೇಲೆ ಹೊರಗಿನದನ್ನು ಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ದೂಳೆಲ್ಲ ಅಲ್ಲೇ ಮೆತ್ತಿಕೊಳ್ಳುತ್ತದೆ. ಸೀಟು ತಗ್ಗಾದರೆ ಮಂಡಿ ಬೇಗ ದಣಿಯುತ್ತದೆ. ಕೆಳಗಿರುವ ಪೆಡಲ್ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೇರವಾಗಿರಬೇಕು. ಗೇರ್ ಇದ್ದರೆ ಸಿಗ್ನಲ್ಲಿನಲ್ಲಿ ನಿಲ್ಲುವ ಮುನ್ನವೇ ಹಗುರದ್ದಕ್ಕೆ ಬದಲಿಸಿ.

ಹಂತ 6: ಹೊರಡುವ ಹೊತ್ತು ನಿಗದಿ ಮಾಡಿ

ಇಲ್ಲಿ ನಡುವಿನ ಅಂಕಿ ಸಾಲದು. ಅದನ್ನೇ ನೆಚ್ಚಿಕೊಂಡರೆ ಹೆಚ್ಚುಕಡಿಮೆ ಅರ್ಧದಷ್ಟು ದಿನ ತಡವಾಗುತ್ತದೆ. ಹನ್ನೊಂದರಲ್ಲಿ ಅತಿ ನಿಧಾನದ ದಿನ ಯಾವುದೋ ಅದನ್ನು ಹಿಡಿಯಿರಿ. ನನ್ನ ಚೀಟಿಯಲ್ಲಿ ಅದು 39 ನಿಮಿಷ. 9 ಗಂಟೆಗೆ ಕುರ್ಚಿಯಲ್ಲಿರಬೇಕಾದ ನಾನು ಈಗ 8.20ಕ್ಕೆ ಬೀಗ ಹಾಕುತ್ತೇನೆ, ವೇಗ ಎಷ್ಟೆಂದು ಯಾರಾದರೂ ಕೇಳಿದರೆ ‘ಹದಿನಾಲ್ಕು’ ಅನ್ನುತ್ತೇನೆ.