ಪೇಂಟ್ ಎಲ್ಲಿಂದ ಬಿಟ್ಟಿತು? ಕಾರಿನ ಪ್ಲಾಸ್ಟಿಕ್ ಭಾಗಗಳ ಪರೀಕ್ಷೆಯಲ್ಲಿ ನನ್ನ ಅನುಭವ

ಬಂಪರ್, ಕನ್ನಡಿಯ ಕವರ್, ಬಾಗಿಲಿನ ಹಿಡಿಕೆ, ಡ್ಯಾಶ್‌ಬೋರ್ಡಿನ ಪಟ್ಟಿ. ಇವೆಲ್ಲ ಪೇಂಟ್ ಆಗಿ ನಮ್ಮ ಲ್ಯಾಬಿಗೆ ಬರುತ್ತವೆ. ಆ ಪೇಂಟ್ ವರ್ಷಗಟ್ಟಲೆ ನಿಲ್ಲುತ್ತದೆಯೇ ಎಂದು ಕೆಲವೇ ತಿಂಗಳಲ್ಲಿ ಹೇಳುವುದು ನನ್ನ ಕೆಲಸ. ನೀರಲ್ಲಿ ಮುಳುಗಿಸುತ್ತೇವೆ, ಫ್ರೀಜರಿನಲ್ಲಿ ಇಡುತ್ತೇವೆ, ಕಬ್ಬಿಣದ ಹರಳು ಎರಚುತ್ತೇವೆ, ಬಿಸಿಲಿನಂಥ ಬೆಳಕು ಕೊಡುವ ಝೆನಾನ್ ದೀಪದ ಮುಂದೆ ವಾರಗಟ್ಟಲೆ ಬಿಡುತ್ತೇವೆ. ಕೊನೆಗೆ ರಿಪೋರ್ಟಿನಲ್ಲಿ ಪಾಸ್ ಅಥವಾ ಫೇಲ್ ಎಂದು ಬರೆಯಬೇಕು. ನನಗೆ ಅಷ್ಟು ಸಾಲುವುದಿಲ್ಲ. ಪೇಂಟ್ ಬಿಟ್ಟಿದ್ದರೆ ಯಾವ ಪದರದಲ್ಲಿ ಬಿಟ್ಟಿತು ಎಂಬುದು ಬೇಕು. ಅದು ತಿಳಿಯದೆ ಪೇಂಟ್ ಶಾಪಿನವರು ಏನನ್ನೂ ಸರಿಮಾಡಲಾರರು. ಸುಮ್ನೆ ಪ್ರೈಮರ್ (ಪ್ಲಾಸ್ಟಿಕ್ ಮೇಲಿನ ಮೊದಲ ಪದರ) ಬದಲಿಸುತ್ತಾರೆ, ಓವನ್ ಬಿಸಿ ಏರಿಸುತ್ತಾರೆ, ಮತ್ತೆ ಕಳಿಸುತ್ತಾರೆ, ಮತ್ತೆ ಫೇಲ್ ಆಗುತ್ತದೆ.

ಉಕ್ಕಿನ ಬಾಡಿಯನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಬಹುದು. ಬಂಪರನ್ನು ಹಾಗೆ ಬೇಯಿಸಿದರೆ ಸೊಟ್ಟಗಾಗುತ್ತದೆ. ಅದಕ್ಕೇ ಪ್ಲಾಸ್ಟಿಕ್ ಭಾಗಗಳಿಗೆ 80 ಡಿಗ್ರಿಯ ಆಸುಪಾಸಿನಲ್ಲಿ ಒಣಗುವ, ಹಾರ್ಡ್‌ನರ್ ಬೆರೆಸಿದ ಪಾಲಿಯುರೆಥೇನ್ ಕ್ಲಿಯರ್‌ಕೋಟ್, ಅಂದರೆ ಎಲ್ಲಕ್ಕಿಂತ ಮೇಲಿನ ಪಾರದರ್ಶಕ ಪದರ, ಬಳಸುತ್ತಾರೆ. ಅದು ಓವನ್‌ನಿಂದ ಹೊರಬಂದ ಮೇಲೂ ಕೆಲವು ದಿನ ಗಟ್ಟಿಯಾಗುತ್ತಲೇ ಇರುತ್ತದೆ. ಹಾಗಾಗಿ ಹೊಸ ಭಾಗ ಬಂದ ಕೂಡಲೇ ನಾನು ಬ್ಲೇಡ್ ಹಿಡಿಯುವುದಿಲ್ಲ. 23 ಡಿಗ್ರಿ, 50% ತೇವಾಂಶ ಇರುವ ಕೋಣೆಯಲ್ಲಿ ಒಂದು ವಾರ ಬಿಡುತ್ತೇನೆ. ಅರ್ಜೆಂಟ್ ಇದೆ, ಇವತ್ತೇ ಮಾಡಿ ಎಂದು ಫೋನ್ ಬರುತ್ತದೆ. ಇವತ್ತು ಮಾಡಿದರೆ ಇವತ್ತಿನ ಪೇಂಟಿನ ಉತ್ತರ ಸಿಗುತ್ತದೆ, ಗ್ರಾಹಕರ ಕೈಗೆ ಹೋಗುವ ಪೇಂಟಿನದ್ದಲ್ಲ.

ಇನ್ನೊಂದು ಕಷ್ಟ ಪ್ಲಾಸ್ಟಿಕ್ಕಿನದ್ದೇ. ಬಂಪರ್ ಹೆಚ್ಚಾಗಿ ಪಾಲಿಪ್ರೊಪಿಲೀನ್‌ಗೆ ರಬ್ಬರ್ ಮತ್ತು ಟಾಲ್ಕ್ ಬೆರೆಸಿದ ವಸ್ತು, ನಾವು ಟಿಪಿಒ ಅನ್ನುತ್ತೇವೆ. ಅದರ ಮೇಲ್ಮೈ ಶಕ್ತಿ ಸೆಂಟಿಮೀಟರಿಗೆ ಸುಮಾರು 30 ಡೈನ್ ಅಷ್ಟೇ. ಅಂಥ ಮೇಲ್ಮೈಗೆ ಪೇಂಟ್ ಸರಿಯಾಗಿ ಹರಡುವುದೂ ಇಲ್ಲ, ಕಚ್ಚಿಕೊಳ್ಳುವುದೂ ಇಲ್ಲ. ಎರಡು ದಾರಿ ಇವೆ. ಗ್ಯಾಸ್ ಜ್ವಾಲೆಯನ್ನು ಮೇಲೆ ಹಾಯಿಸಿ ಮೇಲ್ಮೈಯನ್ನು ಆಕ್ಸಿಡೈಸ್ ಮಾಡಬೇಕು, ಇಲ್ಲವೇ ಇಂಥ ಪ್ಲಾಸ್ಟಿಕ್ಕಿಗೆ ಕಚ್ಚಿಕೊಳ್ಳುವ ಕ್ಲೋರಿನೇಟೆಡ್ ಪಾಲಿಒಲೆಫಿನ್ ಎಂಬ ರಾಳ ಇರುವ ಪ್ರೈಮರ್ ಹಾಕಬೇಕು. ಜ್ವಾಲೆ ಹಾಯಿಸುವ ಕಡೆ ನಾನು ಡೈನ್ ಪೆನ್, ಅಂದರೆ ಮೇಲ್ಮೈ ಶಕ್ತಿ ನೋಡುವ ಶಾಯಿ ಪೆನ್, ತೆಗೆದುಕೊಂಡು ಹೋಗುತ್ತೇನೆ. ಗೆರೆ ಎಳೆದಾಗ ಶಾಯಿ ಎರಡು ಸೆಕೆಂಡ್ ಗೆರೆಯಾಗಿಯೇ ನಿಂತರೆ ಸರಿ. ಮುದುಡಿ ಹನಿ ಹನಿಯಾದರೆ ಅಲ್ಲಿ ಜ್ವಾಲೆ ತಾಗಿಲ್ಲ. ಬಂಪರಿನ ಅಗಲವಾದ ಮುಖದಲ್ಲಿ ಶಾಯಿ ಚೆನ್ನಾಗಿ ನಿಲ್ಲುತ್ತದೆ. ಫಾಗ್ ಲ್ಯಾಂಪಿನ ಗೂಡಿನ ಒಳಮೂಲೆಗೆ ಹೋದರೆ ಅದೇ ಶಾಯಿ ಮುದುಡಿಕೊಳ್ಳುತ್ತದೆ. ಅಲ್ಲಿಗೆ ಬರ್ನರ್ ತಲುಪುವುದೇ ಕಷ್ಟ. ಅದಕ್ಕೇ ಚಪ್ಪಟೆ ಪ್ಯಾನೆಲ್ ಮೇಲೆ ಮಾತ್ರ ಪರೀಕ್ಷೆ ಮಾಡಿ ಬಂಪರ್ ಪಾಸ್ ಅನ್ನುವುದು ನನಗೆ ಒಪ್ಪಿಗೆ ಇಲ್ಲ. ನಿಜವಾದ ಭಾಗವನ್ನೇ ಕತ್ತರಿಸಿ, ಒಳಮೂಲೆ, ಅಂಚು, ಅಚ್ಚಿಗೆ ಪ್ಲಾಸ್ಟಿಕ್ ನುಗ್ಗುವ ಗೇಟ್, ಎರಡು ಹರಿವು ಸೇರುವ ವೆಲ್ಡ್ ಲೈನ್, ಈ ಜಾಗಗಳಿಂದ ತುಂಡು ತೆಗೆಯುತ್ತೇನೆ.

ಮೊದಲು ದಪ್ಪ ಅಳೆಯಬೇಕು. ಉಕ್ಕಿನ ಮೇಲೆ ಬಳಸುವ ಮ್ಯಾಗ್ನೆಟಿಕ್ ಗೇಜ್ ಪ್ಲಾಸ್ಟಿಕ್ ಮೇಲೆ ಕೆಲಸ ಮಾಡುವುದಿಲ್ಲ. ಅಲ್ಟ್ರಾಸಾನಿಕ್ ಗೇಜ್ ಬೇಕು, ಇಲ್ಲವೇ ಅಡ್ಡವಾಗಿ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ನನಗೆ ಎರಡನೆಯದೇ ಇಷ್ಟ. ತೆಳು ಪ್ರೈಮರ್, ಅದರ ಮೇಲೆ 15 ಮೈಕ್ರಾನ್ ಹತ್ತಿರದ, ಬಣ್ಣ ಕೊಡುವ ಬೇಸ್‌ಕೋಟ್, ಅದರ ಮೇಲೆ 35 ಮೈಕ್ರಾನ್ ಹತ್ತಿರದ ಕ್ಲಿಯರ್‌ಕೋಟ್, ಎಲ್ಲ ಪದರ ಕಣ್ಣಿಗೇ ಕಾಣುತ್ತವೆ. ಪ್ರೈಮರ್ ಎಲ್ಲಿ ತೀರಾ ತೆಳುವಾಗಿದೆ ಎಂಬುದೂ ಕಾಣುತ್ತದೆ.

ಆಮೇಲೆ ಕ್ರಾಸ್ ಕಟ್, ಅಂದರೆ ಪೇಂಟಿಗೆ ಚೌಕ ಚೌಕವಾಗಿ ಗೀರಿ, ಟೇಪ್ ಅಂಟಿಸಿ ಎಳೆದು ಹಿಡಿತ ನೋಡುವುದು. ಐಎಸ್ಒ 2409 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಒಂದು ದಿಕ್ಕಿಗೆ ಆರು ಗೀರು, ಅಡ್ಡಕ್ಕೆ ಆರು ಗೀರು, 25 ಚೌಕ. ಪ್ಲಾಸ್ಟಿಕ್ ಮೆತ್ತಗಿನ ತಳ ಆದ್ದರಿಂದ 60 ಮೈಕ್ರಾನ್ ಒಳಗಿನ ಪೇಂಟಿಗೂ ಗೀರುಗಳ ನಡುವೆ 2 ಮಿಲಿಮೀಟರ್ ಬಿಡಬೇಕು. ಗಟ್ಟಿ ತಳಕ್ಕೆ ಅಷ್ಟೇ ದಪ್ಪದ ಪೇಂಟಿದ್ದರೆ 1 ಮಿಲಿಮೀಟರ್ ಸಾಕು. ಇದನ್ನು ಗಮನಿಸದೆ ಲೋಹದ ಪ್ಯಾನೆಲ್‌ಗೆ ಬಳಸುವ ಬ್ಲೇಡನ್ನೇ ಟಿಪಿಒ ಮೇಲೆ ಎಳೆದರೆ ಚೌಕಗಳ ಅಂಚು ಉಬ್ಬಿ ನಿಲ್ಲುತ್ತದೆ. ಟೇಪ್ ಆ ಉಬ್ಬನ್ನೇ ಹಿಡಿದು ಎಳೆಯುತ್ತದೆ. ಬ್ಲೇಡ್ ಮೊಂಡಾಗಿದ್ದರೂ ಅಷ್ಟೇ. ನಾನು ಗೀರು ಎಳೆದ ತಕ್ಷಣ ಮೆತ್ತನೆ ಬ್ರಷ್ಷಿನಲ್ಲಿ ಗುಡಿಸಿ, ಲೆನ್ಸ್ ಹಿಡಿದು ಗೀರಿನ ತಳ ನೋಡುತ್ತೇನೆ. ಪ್ಲಾಸ್ಟಿಕ್ಕಿನ ಬಣ್ಣ ಸಣ್ಣ ಎಳೆಯಾಗಿ ಕಾಣಬೇಕು. ಕಾಣದಿದ್ದರೆ ಬ್ಲೇಡ್ ಪೂರ್ತಿ ಇಳಿದಿಲ್ಲ. ಅಗಲವಾಗಿ ಕಂಡರೆ ಆಳಕ್ಕೆ ಹೋಗಿದೆ. ಟೇಪ್ ಒತ್ತಿ, ಐದು ನಿಮಿಷದೊಳಗೆ, 60 ಡಿಗ್ರಿ ಕೋನದಲ್ಲಿ, ಅರ್ಧದಿಂದ ಒಂದು ಸೆಕೆಂಡಿನಲ್ಲಿ ಎಳೆಯಬೇಕು. ಕೈ ಪಳಗಲು ಸಮಯ ಬೇಕು.

ಇಲ್ಲಿ ಒಂದು ಎಚ್ಚರಿಕೆ. ಐಎಸ್ಒ 2409ರಲ್ಲಿ 0 ಅಂದರೆ ಅತ್ಯುತ್ತಮ, 5 ಅಂದರೆ ತೀರಾ ಕೆಟ್ಟದ್ದು. ಅಮೆರಿಕದ ಮಾನದಂಡ ಎಎಸ್‌ಟಿಎಂ ಡಿ 3359ರಲ್ಲಿ ಪೂರ್ತಿ ತಿರುಗುಮುರುಗು: 5ಬಿ ಅತ್ಯುತ್ತಮ, 0ಬಿ ಕೆಟ್ಟದ್ದು. ರಿಪೋರ್ಟಿನಲ್ಲಿ ಸುಮ್ನೆ "ಅಂಟು: 5" ಎಂದಿದ್ದರೆ ನಾನು ವಾಪಸ್ ಕಳಿಸುತ್ತೇನೆ.

ಒಣ ಪ್ಯಾನೆಲ್ ಮೇಲಿನ ಕ್ರಾಸ್ ಕಟ್ ಹೆಚ್ಚಿನ ಸಲ ಪಾಸ್ ಆಗುತ್ತದೆ. ಅದನ್ನು ನೋಡಿ ಸಮಾಧಾನ ಪಡಬಾರದು. ನಿಜವಾದ ಪ್ರಶ್ನೆ ಕೇಳುವುದು ನೀರು. 40 ಡಿಗ್ರಿ ನೀರಿನಲ್ಲಿ, ಅಥವಾ 40 ಡಿಗ್ರಿಯಲ್ಲಿ ಹಬೆ ಹನಿಗಟ್ಟುವ ಚೇಂಬರಿನಲ್ಲಿ 240 ಗಂಟೆ ಇಡುತ್ತೇನೆ. ಹತ್ತು ದಿನ ಪೂರ್ತಿ. ಹೊರತೆಗೆದು ಒರೆಸಿದ ಕೂಡಲೇ ಗುಳ್ಳೆ ಎದ್ದಿದೆಯಾ ನೋಡಬೇಕು. ಬೆಳಕನ್ನು ಓರೆಯಾಗಿ ಬಿಟ್ಟರೆ ಸೂಜಿಮೊನೆಯಷ್ಟು ಗುಳ್ಳೆಯೂ ಕಾಣುತ್ತದೆ. ಒಂದು ಗಂಟೆಯೊಳಗೆ ಒಂದು ಕ್ರಾಸ್ ಕಟ್, 24 ಗಂಟೆ ಒಣಗಿಸಿದ ಮೇಲೆ ಪಕ್ಕದಲ್ಲೇ ಇನ್ನೊಂದು. ಒಣಗಿದ ಮೇಲೆ ಹಿಡಿತ ಎಷ್ಟೋ ಸಲ ವಾಪಸ್ ಬಂದುಬಿಡುತ್ತದೆ. ಮರುದಿನದ ಅಂಕ ಮಾತ್ರ ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ಮಳೆಯಲ್ಲಿ ನಿಂತ ಕಾರಿಗೆ ಒಣಗಲು ಯಾರೂ ರಜೆ ಕೊಡುವುದಿಲ್ಲ ಅಲ್ವಾ? ನಾನು ಎರಡೂ ಅಂಕ ಬರೆಯುತ್ತೇನೆ. ಎರಡರ ನಡುವೆ ಅಂತರ ದೊಡ್ಡದಿದ್ದರೆ ನೀರು ಪ್ರೈಮರ್ ಮತ್ತು ಪ್ಲಾಸ್ಟಿಕ್ ನಡುವೆ ಸೇರುತ್ತಿದೆ ಎಂಬ ಅನುಮಾನ ಬರುತ್ತದೆ.

ಅದಕ್ಕಿಂತ ಗಡಸು ಪರೀಕ್ಷೆ ಬಿಸಿನೀರಿನ ಪ್ರೆಶರ್ ಜೆಟ್, ಐಎಸ್ಒ 16925. ಪೇಂಟನ್ನು ಪ್ಲಾಸ್ಟಿಕ್ ತನಕ ಗುಣಿಸು ಚಿಹ್ನೆಯಂತೆ ಗೀರಿ, ಆ ಗೀರಿಗೆ ಹತ್ತಿರದಿಂದ ಬಿಸಿನೀರು ಹೊಡೆಯುವುದು. ಟೇಪ್ ಏನೂ ಕೀಳಲಾಗದ ಬಂಪರಿನಲ್ಲಿ ಜೆಟ್ ಅಂಗೈಯಗಲ ಪೇಂಟ್ ಎಬ್ಬಿಸಿದ್ದನ್ನು ನೋಡಿದ್ದೇನೆ. ಕಾರು ತೊಳೆಯುವ ಜಾಗದಲ್ಲಿ ಆಗುವುದೂ ಇದೇ. ಕಲ್ಲು ತಾಗಿ ಸಣ್ಣ ಚೂರು ಹಾರಿರುತ್ತದೆ, ಆ ತೂತಿಗೆ ಜೆಟ್ ಹೊಡೆದಾಗ ಹಾಳೆ ಹಾಳೆಯಾಗಿ ಏಳುತ್ತದೆ. ಒಂದೇ ಪರೀಕ್ಷೆಗೆ ಸಮಯ ಇದೆ ಎಂದರೆ ನಾನು ಆರಿಸಿಕೊಳ್ಳುವುದು ಇದನ್ನೇ, ಅದೂ 240 ಗಂಟೆ ತೇವದ ನಂತರ.

ಕಿತ್ತುಬಂದ ಚೂರನ್ನು ಎಸೆಯಬೇಡಿ. ನನ್ನ ಪಾಲಿಗೆ ಇಡೀ ಪರೀಕ್ಷೆಯಲ್ಲಿ ಅತಿ ಮುಖ್ಯವಾದ ವಸ್ತು ಅದೇ. ಚಿಮಟದಲ್ಲಿ ಎತ್ತಿ, ಬೆನ್ನು ಮೇಲೆ ಮಾಡಿ ಸೂಕ್ಷ್ಮದರ್ಶಕದ ಕೆಳಗೆ ಇಡುತ್ತೇನೆ. ಅದು ಎದ್ದು ಬಂದ ಜಾಗವನ್ನೂ ಪಕ್ಕದಲ್ಲಿ ನೋಡುತ್ತೇನೆ. ಬೆನ್ನು ನಯವಾಗಿ ಹೊಳೆಯುತ್ತಿದ್ದು, ಪ್ಲಾಸ್ಟಿಕ್ ಮೇಲೂ ಏನೂ ಉಳಿದಿಲ್ಲ ಅಂದರೆ ಪ್ರೈಮರ್ ಕಚ್ಚಿಕೊಂಡೇ ಇರಲಿಲ್ಲ. ಜ್ವಾಲೆ ಕಡಿಮೆ ಬಿದ್ದಿದೆ, ಇಲ್ಲವೇ ಅಚ್ಚಿನಿಂದ ಬಿಡಿಸಲು ಸಿಂಪಡಿಸಿದ ಮೋಲ್ಡ್ ರಿಲೀಸ್ ತೊಳೆದು ಹೋಗಿಲ್ಲ. ಬೆನ್ನು ಮಂಕಾಗಿ, ಕೂದಲೆಳೆ ಎದ್ದಂತೆ ಇದ್ದರೆ ಕಥೆ ಬೇರೆ. ಅದು ಪ್ಲಾಸ್ಟಿಕ್ಕಿನದ್ದೇ ತೆಳು ಚರ್ಮ. ಪೇಂಟ್ ಗಟ್ಟಿಯಾಗಿ ಹಿಡಿದಿದೆ, ಕೆಳಗಿನ ಪ್ಲಾಸ್ಟಿಕ್ ಹರಿದಿದೆ. ಗೇಟಿನ ಹತ್ತಿರದ ತುಂಡುಗಳಲ್ಲಿ ಇದು ಜಾಸ್ತಿ. ಜ್ವಾಲೆ ಅತಿಯಾದರೂ ಮೇಲ್ಮೈಯಲ್ಲಿ ದುರ್ಬಲ ಪದರ ಹುಟ್ಟುತ್ತದೆ. ಇಂಥ ಫೇಲ್‌ಗೆ ಪೇಂಟ್ ಕಂಪನಿಯವರನ್ನು ಬೈದು ಪ್ರಯೋಜನವಿಲ್ಲ, ಮೋಲ್ಡಿಂಗಿನವರನ್ನು ಕರೆದು ಕೂರಿಸಬೇಕು. ಇನ್ನು ಬೆನ್ನಿನಲ್ಲಿ ಬಣ್ಣವೇ ಇಲ್ಲ, ಪಾರದರ್ಶಕ ಹಾಳೆ ಮಾತ್ರ ಎದ್ದಿದೆ ಅಂದರೆ ಬಿಟ್ಟಿದ್ದು ಕ್ಲಿಯರ್‌ಕೋಟ್. ಹಾರ್ಡ್‌ನರ್ ಅಳತೆ, ಎರಡು ಕೋಟ್ ನಡುವಿನ ಸಮಯ, ಬೇಸ್‌ಕೋಟಿನ ದಪ್ಪ, ಇವುಗಳ ಲೆಕ್ಕ ತೆಗೆಸುತ್ತೇನೆ.

ಕಣ್ಣಿಗೆ ಖಚಿತ ಆಗದಿದ್ದರೆ ಎರಡೂ ಮುಖಗಳಿಗೆ ಇನ್‌ಫ್ರಾರೆಡ್ ಸ್ಪೆಕ್ಟ್ರಮ್, ಅಂದರೆ ವಸ್ತು ಯಾವುದೆಂದು ಗುರುತಿಸಲು ನೆರವಾಗುವ ಗ್ರಾಫ್, ತೆಗೆಯುತ್ತೇನೆ. ಅದಕ್ಕಾಗಿ ಪ್ರತಿ ಪದರವನ್ನೂ ಬಿಡಿಬಿಡಿಯಾಗಿ ಹಚ್ಚಿ, ಅದರ ಸ್ಪೆಕ್ಟ್ರಮ್ ಮೊದಲೇ ಇಟ್ಟುಕೊಂಡಿರಬೇಕು. ಹೋಲಿಸಲು ಏನೂ ಇಲ್ಲದಿದ್ದರೆ ಆ ಗ್ರಾಫ್ ಬರೀ ಗೆರೆ.

ಚಳಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಬಂಪರ್ ಪ್ಲಾಸ್ಟಿಕ್ ಬಿಸಿಗೆ ಉಕ್ಕಿಗಿಂತ ಸುಮಾರು ಐದಾರು ಪಟ್ಟು ಜಾಸ್ತಿ ಹಿಗ್ಗುತ್ತದೆ, ಚಳಿಗೆ ಅಷ್ಟೇ ಕುಗ್ಗುತ್ತದೆ. ಪೇಂಟ್ ಅದರ ಜೊತೆ ಓಡಾಡಬೇಕು. ಆದರೆ ಚಳಿಯಲ್ಲಿ ಕ್ಲಿಯರ್‌ಕೋಟ್ ಪೆಡಸಾಗುತ್ತದೆ. ಆ ಸ್ಥಿತಿಯಲ್ಲಿ ಪೆಟ್ಟು ಬಿದ್ದರೆ ಮೊದಲು ಕ್ಲಿಯರ್‌ಕೋಟ್ ಸೀಳುತ್ತದೆ. ಆ ಸೀಳು ವೇಗವಾಗಿ ಕೆಳಕ್ಕೆ ಓಡಿ ಪ್ಲಾಸ್ಟಿಕ್ಕನ್ನೂ ಸೀಳಿಬಿಡುತ್ತದೆ. ಪೇಂಟ್ ಇಲ್ಲದ ಪ್ಲಾಸ್ಟಿಕ್ ಅದೇ ಪೆಟ್ಟಿಗೆ ತಗ್ಗಿ ಸುಮ್ಮನಾಗಿರುತ್ತದೆ. ಹಾಗಾಗಿ ನಾನು ಫ್ರೀಜರಿನಿಂದ ತೆಗೆದ ಕೂಡಲೇ ಎರಡನ್ನೂ ಹೊಡೆಯುತ್ತೇನೆ, ಪೇಂಟ್ ಇರುವುದು ಒಂದು, ಇಲ್ಲದ್ದು ಒಂದು. ಪೇಂಟ್ ಇಲ್ಲದ್ದು ತಗ್ಗಿ, ಪೇಂಟ್ ಇರುವುದು ಚೂರಾದರೆ ದೋಷ ಯಾರದು ಎಂಬ ಜಗಳ ಅಲ್ಲಿಗೇ ಮುಗಿಯುತ್ತದೆ. ಪೇಂಟ್ ಬಾಗುವಂತೆ ಮಾಡುವ ಫ್ಲೆಕ್ಸ್ ಅಡಿಟಿವ್ ಇದೆ. ಅದನ್ನು ಜಾಸ್ತಿ ಹಾಕಿದರೆ ಚಳಿ ಪರೀಕ್ಷೆ ದಾಟುತ್ತದೆ, ಆದರೆ ಪೇಂಟ್ ಮೆತ್ತಗಾಗಿ ಗೀರು ಬೀಳುತ್ತದೆ, ಹಕ್ಕಿ ಹಿಕ್ಕೆ, ಮರದ ಅಂಟು ಬಿದ್ದಲ್ಲಿ ಕಲೆ ಉಳಿಯುತ್ತದೆ. ಅಡಿಟಿವ್ ಅಳತೆ ಬದಲಾಯಿಸಿದರೆ ಈ ಪರೀಕ್ಷೆಗಳನ್ನೆಲ್ಲ ಮತ್ತೆ ಮಾಡಲೇಬೇಕು. ಚಳಿ ಒಂದನ್ನೇ ಮತ್ತೆ ಮಾಡಿ ಬಿಟ್ಟರೆ ಆಗದು. ಅಂದಹಾಗೆ, ಹಕ್ಕಿ ಹಿಕ್ಕೆಗೆ ಲ್ಯಾಬಿನಲ್ಲಿ ಬಳಸುವುದು ಪ್ಯಾಂಕ್ರಿಯಾಟಿನ್ ಎಂಬ ಎನ್‌ಜೈಮ್ ಪುಡಿಯ ದ್ರಾವಣ.

ಕಲ್ಲಿನ ಪೆಟ್ಟಿಗೆ ಐಎಸ್ಒ 20567-1 ಇದೆ. 500 ಗ್ರಾಂ ಕಬ್ಬಿಣದ ಹರಳನ್ನು 2 ಬಾರ್ ಗಾಳಿಯಲ್ಲಿ ಎರಚುವುದು, ಟೇಪ್ ಹಾಕಿ ಎಳೆಯುವುದು, ಚಿತ್ರಗಳ ಜೊತೆ ಹೋಲಿಸಿ ಅಂಕ ಕೊಡುವುದು. ಪೆಟ್ರೋಲ್ ಪರೀಕ್ಷೆಯನ್ನು ಮಾತ್ರ ಮರೆಯಬಾರದು. ಕ್ಲೋರಿನೇಟೆಡ್ ಪಾಲಿಒಲೆಫಿನ್ ಪ್ರೈಮರ್ ಪೆಟ್ರೋಲ್ ಕುಡಿದು ಊದಿಕೊಳ್ಳುತ್ತದೆ. ಮೇಲಿಂದ ನೋಡಿದರೆ ಹೊಳಪು ಹಾಗೇ ಇರುತ್ತದೆ, ಕತ್ತರಿಸಿದ ಅಂಚಿನಿಂದ ಪೇಂಟ್ ಸುರುಳಿಯಾಗಿ ಏಳುತ್ತದೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಪ್ಲಾಸ್ಟಿಕ್ ಆಗಿದ್ದರೆ ಇದನ್ನು ಮೊದಲೇ ಮಾಡಿಬಿಡಿ.

ಬಿಸಿಲಿನ ಪರೀಕ್ಷೆಗೆ ತಾಳ್ಮೆ ಬೇಕು. ವಾಹನ ಎಂಜಿನಿಯರುಗಳ ಸಂಸ್ಥೆಯ ಎಸ್ಎಇ ಜೆ 2527 ಕ್ರಮದಲ್ಲಿ ಝೆನಾನ್ ದೀಪದ ತೀವ್ರತೆ 340 ನ್ಯಾನೋಮೀಟರ್ ತರಂಗಾಂತರದಲ್ಲಿ ಚದರ ಮೀಟರಿಗೆ, ಪ್ರತಿ ನ್ಯಾನೋಮೀಟರಿಗೆ 0.55 ವಾಟ್. ಮೂರು ಗಂಟೆಯ ಒಂದು ಸುತ್ತಿನಲ್ಲಿ ಎರಡು ಗಂಟೆ ಬೆಳಕು, ಒಂದು ಗಂಟೆ ಕತ್ತಲು ಮತ್ತು ನೀರು. ಗ್ರಾಹಕರು ಒಟ್ಟು 2,500 ಕಿಲೋಜೂಲ್ ಬೆಳಕು ಬೀಳಬೇಕು ಎಂದು ಕೇಳಿದರೆ ಲೆಕ್ಕ ಹಾಕಿ: ಒಂದು ಸುತ್ತಿಗೆ ಹತ್ತಿರ ಹತ್ತಿರ 4 ಕಿಲೋಜೂಲ್, ಒಟ್ಟು ಸುಮಾರು 1,900 ಗಂಟೆ. ಯಂತ್ರ ನಿಲ್ಲದೆ ಓಡಿದರೂ 79 ದಿನ. 2013ರಲ್ಲಿ ಬಂದ ಎಎಸ್‌ಟಿಎಂ ಡಿ 7869 ಫ್ಲೋರಿಡಾದ ಬಯಲಿನಲ್ಲಿ ಆಗುವ ಹಾಳಿಗೆ ಇನ್ನೂ ಹತ್ತಿರ ಬರಲೆಂದು ಮಾಡಿದ ಕ್ರಮ. ಅದರಲ್ಲಿ ಕತ್ತಲೆಯಲ್ಲಿ ಗಂಟೆಗಟ್ಟಲೆ ನೀರು ಚಿಮ್ಮಿಸುತ್ತಾರೆ. ಪೇಂಟಿಗೆ ನೀರು ಕುಡಿಯಲು ಸಮಯ ಸಿಗುತ್ತದೆ, ಅದು ಸರಿಯಾದ ಯೋಚನೆ ಎಂದೇ ನನ್ನ ಅಭಿಪ್ರಾಯ.

ಝೆನಾನ್‌ನಿಂದ ಹೊರಬಂದ ಪ್ಯಾನೆಲ್‌ಗೆ ಹೊಳಪು, ಬಣ್ಣದ ವ್ಯತ್ಯಾಸ ಅಳೆದು ಮುಗಿಸಿಬಿಡುವವರು ಬಹಳ. ಕ್ಲಿಯರ್‌ಕೋಟಿನಲ್ಲಿ ಯುವಿ ತಡೆಯುವ ಅಂಶ ಕಡಿಮೆ ಇದ್ದರೆ, ಅಥವಾ ಬೇಸ್‌ಕೋಟ್ ತೆಳುವಾಗಿದ್ದರೆ, ಯುವಿ ಕೆಳಗಿಳಿದು ಪ್ರೈಮರನ್ನು ತಿನ್ನುತ್ತದೆ. ಮೇಲೆ ಹೊಳಪು ಒಂದಿಷ್ಟೂ ಇಳಿದಿರುವುದಿಲ್ಲ. ಅದೇ ಪ್ಯಾನೆಲನ್ನು ತೇವದಲ್ಲಿಟ್ಟು ಕ್ರಾಸ್ ಕಟ್ ಮಾಡಿದರೆ ಇಡೀ ಪದರ ಟೇಪಿಗೆ ಬರುತ್ತದೆ. ನಾನು 500 ಕಿಲೋಜೂಲ್‌ಗೊಮ್ಮೆ ಒಂದು ತುಂಡು ಹೊರತೆಗೆದು ಹೀಗೆ ಮಾಡುತ್ತೇನೆ. ಅದಕ್ಕಾಗಿ ಶುರುವಿನಲ್ಲೇ ಜಾಸ್ತಿ ಪ್ಯಾನೆಲ್ ಕೇಳಿ ಇಟ್ಟುಕೊಳ್ಳಬೇಕು, ಮಧ್ಯದಲ್ಲಿ ಸೇರಿಸಲು ಆಗದು.

ಕಾರಿನ ಒಳಗಿನ ಭಾಗಗಳಿಗೆ ಕಲ್ಲು, ಮಳೆ ಇಲ್ಲ. ಅಲ್ಲಿ ಶತ್ರು ಬಿಸಿ, ತೇವ ಮತ್ತು ಕೈ. ಮುಟ್ಟಿದರೆ ಮೆತ್ತಗಿರುವ ಸಾಫ್ಟ್ ಟಚ್ ಪೇಂಟ್ ಹಳೆಯ ಕಾರುಗಳಲ್ಲಿ ಅಂಟಂಟಾಗಿರುವುದನ್ನು ಎಷ್ಟೋ ಜನ ನೋಡಿರುತ್ತೀರಿ. ತೇವ ಪಾಲಿಯುರೆಥೇನಿನ ಸರಪಳಿಯನ್ನು ಮುರಿಯುವುದರಿಂದ ಹಾಗಾಗುತ್ತದೆ. ಅದಕ್ಕೆ 90 ಡಿಗ್ರಿ, ತೇವಾಂಶ ತುಂಬಿದ ಚೇಂಬರಿನಲ್ಲಿ 72 ಗಂಟೆ ಇಟ್ಟು, ಆಮೇಲೆ ಉಗುರಿನಲ್ಲಿ ಒತ್ತಿ ಎಳೆಯುತ್ತೇವೆ. ಚೆನ್ನಾಗಿದ್ದರೆ ಉಗುರು ಜಾರುತ್ತದೆ. ಕೆಟ್ಟಿದ್ದರೆ ಪೇಂಟ್ ಬೆಣ್ಣೆಯ ಹಾಗೆ ಉಗುರಿನ ಮುಂದೆ ಗುಡ್ಡೆಯಾಗುತ್ತದೆ. ಸನ್‌ಸ್ಕ್ರೀನ್ ಹಚ್ಚಿ ಬಿಸಿಯಲ್ಲಿಡುವ ಪರೀಕ್ಷೆಗೂ ಕೊನೆಯಲ್ಲಿ ಇದೇ ಉಗುರು ಬೇಕು. ಆ ಪರೀಕ್ಷೆಗೆ ಕಾರು ತಯಾರಕರು ಹೇಳಿದ ಕ್ರೀಮನ್ನೇ ಬಳಸಬೇಕು, ಸಿಕ್ಕಿದ ಟ್ಯೂಬ್ ಹಿಂಡಿ ಹಚ್ಚಿದರೆ ಎರಡು ಲ್ಯಾಬಿನ ಉತ್ತರ ಹೊಂದುವುದಿಲ್ಲ. ಟ್ಯೂಬ್ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ, ಬ್ಯಾಚ್ ನಂಬರನ್ನು ರಿಪೋರ್ಟಿಗೂ ಹಾಕಿ.