ಮೋಡೆಮ್ ಕೊಳ್ಳುವ ಮುಂಚೆ ಗೋಡೆಯಿಂದ ಬಂದ ತಂತಿ ನೋಡಿ

ಮನೆಗೆ ಇಂಟರ್ನೆಟ್ ಬಾಕ್ಸ್ ಬೇಕು ಅಂದಾಗ ನಮ್ಮ ತುಮಕೂರಿನ ಕಡೆ ಬಹಳ ಜನ ಕೆಲಸವನ್ನು ಹಿಂದುಮುಂದಾಗಿ ಮಾಡುತ್ತಾರೆ. ಮೊದಲು ಮೊಬೈಲಿನಲ್ಲಿ ಆಫರ್ ನೋಡುತ್ತಾರೆ. ನಾಲ್ಕು ಆಂಟೆನಾ ಇರುವ, ನೋಡಲು ಜೋರಾಗಿರುವ ಒಂದನ್ನು ತರಿಸುತ್ತಾರೆ. ಆಮೇಲೆ ಕೇಬಲ್‌ನವರಿಗೆ ಫೋನ್ ಮಾಡುತ್ತಾರೆ. ಅವರ ಹುಡುಗ ಬಂದು ಬಾಕ್ಸನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ‘ಸಾರ್, ಇದರಲ್ಲಿ ಫೈಬರ್ ಹಾಕೋ ತೂತೇ ಇಲ್ಲವಲ್ಲ’ ಅನ್ನುತ್ತಾನೆ. ಇನ್ನು ಕೆಲವರು ಬೆಂಗಳೂರಿಗೆ ಹೋದಾಗ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ತಂದಿರುತ್ತಾರೆ. ಅದನ್ನು ವಾಪಸ್ ಕೊಡಲು ಮತ್ತೆ 70 ಕಿಲೋಮೀಟರ್ ಹೋಗುವವರು ಯಾರು?

ಸರಿಯಾದ ಕ್ರಮ ಇಷ್ಟೇ: ಮೊದಲು ತಂತಿ, ಆಮೇಲೆ ಆಪರೇಟರ್, ಆಮೇಲೆ ಮನೆಯ ಗೋಡೆಗಳು, ಕೊನೆಗೆ ಅಂಗಡಿ.

1. ತಂತಿ ಯಾವುದು ನೋಡಿ

ಮೋಡೆಮ್ ಹೊರಗಿನ ಲೈನಿನ ಜೊತೆ ಮಾತಾಡುತ್ತದೆ. ರೂಟರ್ ಆ ಇಂಟರ್ನೆಟ್ಟನ್ನು ಮನೆಯ ಫೋನು, ಟಿವಿ, ಲ್ಯಾಪ್‌ಟಾಪುಗಳಿಗೆ ಹಂಚುತ್ತದೆ. ಎರಡೂ ಒಂದೇ ಡಬ್ಬಿಯಲ್ಲಿ ಇರುವುದನ್ನೇ ನಾವು ಈಗ ಕೊಳ್ಳಲು ಹೊರಟಿರುವುದು. ಆದರೆ ಲೈನು ಬದಲಾದರೆ ಡಬ್ಬಿಯೂ ಬದಲಾಗುತ್ತದೆ.

ಹಳೇ ಲ್ಯಾಂಡ್‌ಲೈನಿನ ತಾಮ್ರದ ಜೋಡಿ ತಂತಿ ಆದರೆ ಬೇಕಾದದ್ದು ಎಡಿಎಸ್‌ಎಲ್ ಮೋಡೆಮ್. ದಯವಿಟ್ಟು ಅದನ್ನು ಹೊಸದಾಗಿ ಕೊಳ್ಳಬೇಡಿ. ಎಲ್ಲವೂ ಸರಿಯಿದ್ದರೂ ಎಡಿಎಸ್‌ಎಲ್ 2 ಪ್ಲಸ್ ಲೈನಿನ ಗರಿಷ್ಠ ವೇಗ 24 ಎಂಬಿಪಿಎಸ್. ಎಕ್ಸ್‌ಚೇಂಜಿನಿಂದ ಮನೆ ದೂರ ಆದಷ್ಟೂ ಅದೂ ಇಳಿಯುತ್ತದೆ. ಆ ದುಡ್ಡನ್ನು ಫೈಬರ್ ಸಂಪರ್ಕಕ್ಕೆ ಹಾಕಿ.

ಗೋಡೆಯಿಂದ ಬಂದದ್ದು ಅಗಲವಾದ ಪ್ಲಾಸ್ಟಿಕ್ ಪಿನ್ ಇರುವ ದಪ್ಪ ಲ್ಯಾನ್ ಕೇಬಲ್ ಆದರೆ ಫೈಬರ್ ಪೆಟ್ಟಿಗೆ ಕಂಬದ ಮೇಲೋ ಅಪಾರ್ಟ್‌ಮೆಂಟಿನ ಮೆಟ್ಟಿಲ ಕೆಳಗೋ ಇದೆ ಎಂದರ್ಥ. ನಿಮಗೆ ಮೋಡೆಮ್ ಬೇಡವೇ ಬೇಡ, ಬರೀ ರೂಟರ್ ಸಾಕು. ನೀವು ಎರಡನೇ ಹಂತ ಬಿಟ್ಟು ನೇರ ಮೂರಕ್ಕೆ ಹೋಗಬಹುದು.

ಸಣ್ಣ ಕಪ್ಪು ತಂತಿ, ತುದಿಯಲ್ಲಿ ಹಸಿರು ಅಥವಾ ನೀಲಿ ಚೌಕದ ಪಿನ್ ಇದ್ದರೆ ಅದು ಫೈಬರ್. ಈಗ ಹೆಚ್ಚಿನ ಮನೆಗಳಿಗೆ ಬರುತ್ತಿರುವುದು ಇದೇ. ಇದಕ್ಕೆ ಬೇಕಾದ ಮೋಡೆಮ್-ರೂಟರ್ ಡಬ್ಬಿಗೆ ಓಎನ್‌ಟಿ ಅಥವಾ ಓಎನ್‌ಯು ಎಂದು ಹೆಸರು. ಅಂಗಡಿಯಲ್ಲಿ ‘ರೂಟರ್ ಕೊಡಿ’ ಅಂದರೆ ಬೇರೆಯದೇ ಕೊಡುತ್ತಾರೆ. ಹಾಗಾಗಿ ಓಎನ್‌ಟಿ ಎಂದೇ ಕೇಳಿ.

2. ಆಪರೇಟರನ್ನು ಕೂರಿಸಿ ಕೇಳಿ

ಜನ ಎಡವುವುದು ಇಲ್ಲೇ. ಫೈಬರ್ ಬಾಕ್ಸ್ ಎಂದರೆ ಬಲ್ಬ್ ಅಲ್ಲ, ಯಾವ ಹೋಲ್ಡರಿಗಾದರೂ ಹಾಕಿದರೆ ಉರಿಯಲು. ನಿಮ್ಮ ತಂತಿಯ ಇನ್ನೊಂದು ತುದಿ ಆಪರೇಟರ ಆಫೀಸಿನಲ್ಲಿ ಓಎಲ್‌ಟಿ ಅನ್ನುವ ಯಂತ್ರದಲ್ಲಿದೆ. ಆ ಯಂತ್ರ ನಿಮ್ಮ ಬಾಕ್ಸನ್ನು ಒಪ್ಪಬೇಕು. ಒಪ್ಪದಿದ್ದರೆ ಎಷ್ಟೇ ದುಬಾರಿ ಬಾಕ್ಸ್ ತಂದರೂ ಸುಮ್ನೆ ದೀಪ ಮಿಣುಕಿಸಿಕೊಂಡು ಕೂತಿರುತ್ತದೆ.

ಮೊದಲು ಕೇಳಬೇಕಾದದ್ದು, ಸ್ವಂತ ಬಾಕ್ಸ್ ಹಾಕಲು ಬಿಡುತ್ತೀರಾ? ಬಿಎಸ್‌ಎನ್‌ಎಲ್ ಫೈಬರಿನಲ್ಲಿ ಗ್ರಾಹಕರು ಸ್ವಂತ ಓಎನ್‌ಟಿ ತಂದುಕೊಳ್ಳಬಹುದು. ದೊಡ್ಡ ಖಾಸಗಿ ಕಂಪನಿಗಳು ಸಾಮಾನ್ಯವಾಗಿ ತಮ್ಮದೇ ಬಾಕ್ಸ್ ಕೊಡುತ್ತವೆ, ಬೇರೆಯದನ್ನು ಒಪ್ಪುವುದಿಲ್ಲ. ಅಂಥ ಕಡೆ ಓಎನ್‌ಟಿಗೆ ದುಡ್ಡು ಹಾಕಬೇಡಿ. ಅವರ ಬಾಕ್ಸನ್ನು ಹಾಗೇ ಬಿಟ್ಟು, ವೈಫೈ ಸಾಲದಿದ್ದರೆ ಅದರ ಲ್ಯಾನ್ ಪೋರ್ಟಿಗೆ ಒಂದು ಒಳ್ಳೆ ರೂಟರ್ ಸಿಕ್ಕಿಸಿ.

ಎರಡನೆಯದು, ಜಿಪಾನಾ ಇಪಾನಾ? ಇವು ಫೈಬರಿನ ಎರಡು ಬೇರೆ ಬೇರೆ ಪದ್ಧತಿಗಳು. ಜಿಪಾನಿನಲ್ಲಿ ಡೌನ್‌ಲೋಡಿಗೆ ಸುಮಾರು 2.5 ಗಿಗಾಬಿಟ್, ಅಪ್‌ಲೋಡಿಗೆ 1.25 ಗಿಗಾಬಿಟ್ ಇರುತ್ತದೆ. ಇಪಾನಿನಲ್ಲಿ ಎರಡಕ್ಕೂ 1.25. ಅದನ್ನು ಒಂದು ಬೀದಿಯ ಹಲವು ಮನೆಗಳು ಹಂಚಿಕೊಳ್ಳುತ್ತವೆ. ಹೋಗಲಿ, ಆ ಅಂಕಿ ನೆನಪಿಡಬೇಕಾಗಿಲ್ಲ. ಜಿಪಾನ್ ಬಾಕ್ಸ್ ಇಪಾನ್ ಲೈನಿನಲ್ಲಿ ಕೆಲಸ ಮಾಡುವುದಿಲ್ಲ ಅನ್ನುವುದಷ್ಟೇ ನೆನಪಿಡಿ. ಕೇಬಲ್ ಟಿವಿಯಿಂದ ಇಂಟರ್ನೆಟ್ಟಿಗೆ ಬಂದ ಸಣ್ಣ ಆಪರೇಟರುಗಳಲ್ಲಿ ಇಪಾನ್ ಇಟ್ಟುಕೊಂಡವರು ಬಹಳ ಇದ್ದಾರೆ. ಎಕ್ಸ್‌ಪಾನ್ ಅಂತ ಬರೆದ ಬಾಕ್ಸ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಎರಡಕ್ಕೂ ಆಗುತ್ತದೆ. ನಾಳೆ ಆಪರೇಟರ್ ಬದಲಾಯಿಸಿದರೂ ಉಪಯೋಗಕ್ಕೆ ಬರುತ್ತದೆ.

ಮೂರನೆಯದು, ನಿಮ್ಮ ಓಎಲ್‌ಟಿಯಲ್ಲಿ ಯಾವ ಯಾವ ಮಾಡೆಲ್ ಓಡುತ್ತಿವೆ? ಪದ್ಧತಿ ಒಂದೇ ಆದರೂ ಒಂದು ಕಂಪನಿಯ ಓಎಲ್‌ಟಿ ಇನ್ನೊಂದು ಕಂಪನಿಯ ಓಎನ್‌ಟಿ ಜೊತೆ ಸರಿಯಾಗಿ ಹೊಂದದೆ ಇರುವುದುಂಟು. ಇಂಟರ್ನೆಟ್ ಬರುತ್ತದೆ, ಲ್ಯಾಂಡ್‌ಲೈನ್ ಬರುವುದಿಲ್ಲ. ಇಲ್ಲವೇ ವೈಫೈ ಸೆಟ್ಟಿಂಗ್ ಪದೇ ಪದೇ ಅಳಿಸಿ ಹೋಗುತ್ತದೆ. ಲೈನ್ ಕೊಡುವ ಆಪರೇಟರ್ ಅಥವಾ ಫ್ರಾಂಚೈಸಿಯವರ ಹತ್ತಿರ ಮಾಡೆಲ್ ಹೆಸರುಗಳನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಬಾಯಿ ಮಾತಿನಲ್ಲಿ ‘ಯಾವುದಾದ್ರೂ ಆಗುತ್ತೆ ಬಿಡಿ’ ಅಂದವರೇ ಆಮೇಲೆ ‘ಇದು ಆಗಲ್ಲ’ ಅನ್ನುವುದು.

ಬಾಕ್ಸ್ ಬಂದ ಮೇಲೆ ಅದರ ಅಡಿಯಲ್ಲಿರುವ ಪಾನ್ ಸೀರಿಯಲ್ ನಂಬರನ್ನೋ ಮ್ಯಾಕ್ ನಂಬರನ್ನೋ ಅವರು ಓಎಲ್‌ಟಿಯಲ್ಲಿ ಸೇರಿಸಬೇಕು. ಬಾಕ್ಸಿನ ಸೆಟ್ಟಿಂಗಿನಲ್ಲಿ ತುಂಬಲು ಯೂಸರ್ ನೇಮ್, ಪಾಸ್‌ವರ್ಡ್, ವಿಲ್ಯಾನ್ ಅನ್ನುವ ನಂಬರ್ ಕೊಡಬೇಕು. ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಬಾಕ್ಸಿನ ಬೆನ್ನಿಗೇ ಅಂಟಿಸಿ. ಮುಂದೆ ಯಾರಾದರೂ ರೀಸೆಟ್ ಬಟನ್ ಒತ್ತಿದಾಗ, ಮಕ್ಕಳಿರುವ ಮನೆಯಲ್ಲಿ ಒತ್ತದೆ ಇರುವುದಿಲ್ಲ ಬಿಡಿ, ಆ ಚೀಟಿ ಇಲ್ಲದಿದ್ದರೆ ಭಾನುವಾರವೆಲ್ಲ ಫೋನ್ ಮಾಡುತ್ತಾ ಕೂರಬೇಕಾಗುತ್ತದೆ.

ಲ್ಯಾಂಡ್‌ಲೈನ್ ಬೇಕಾದರೆ ಬಾಕ್ಸಿನಲ್ಲಿ ಫೋನ್ ಪೋರ್ಟ್ ಇರಬೇಕು. ಮನೆಯಲ್ಲಿ ಹಿರಿಯರಿದ್ದರೆ ಇದನ್ನು ಮರೆಯಬೇಡಿ. ಅಗ್ಗದ ಮಾಡೆಲ್‌ಗಳಲ್ಲಿ ಮೊದಲು ಕತ್ತರಿ ಬೀಳುವುದು ಇದಕ್ಕೇ. ಕೆಲವು ಬಾಕ್ಸುಗಳಲ್ಲಿ ಕೇಬಲ್ ಟಿವಿಗೂ ಒಂದು ಸ್ಕ್ರೂ ಪೋರ್ಟ್ ಇರುತ್ತದೆ. ನಿಮ್ಮ ಆಪರೇಟರ್ ಅದೇ ಫೈಬರಿನಲ್ಲಿ ಟಿವಿ ಕೊಡುತ್ತಿದ್ದರೆ ಮಾತ್ರ ಅದು ಬೇಕು.

ಈಗ ಪಿನ್ನಿನ ಬಣ್ಣ. ಇದು ಸಣ್ಣ ವಿಷಯ ಅನಿಸಬಹುದು, ಆದರೆ ಎಷ್ಟೋ ಮನೆಗಳಲ್ಲಿ ‘ನೆಟ್ ಸ್ಲೋ’ ಅನ್ನುವ ದೂರಿನ ಬೇರು ಇಲ್ಲಿದೆ. ಹಸಿರು ಪಿನ್ನಿನ ಗಾಜಿನ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ. ನೀಲಿಯ ತುದಿ ಓರೆ ಇರುವುದಿಲ್ಲ. ಹಸಿರನ್ನು ನೀಲಿ ತೂತಿಗೆ ತುರುಕಿದರೆ ಒಳಗೆ ಹೋಗುತ್ತದೆ, ಆದರೆ ಎರಡು ಗಾಜು ಸರಿಯಾಗಿ ಕೂಡುವುದಿಲ್ಲ, ಬೆಳಕು ಸೋರಿ ಹೋಗುತ್ತದೆ. ಬಾಕ್ಸಿನ ತೂತಿನ ಬಣ್ಣಕ್ಕೆ ಹೊಂದುವ ಪಿನ್ ಹಾಕಿಕೊಡಿ ಎಂದು ಲೈನಿನ ಹುಡುಗನಿಗೆ ಖಡಾಖಂಡಿತವಾಗಿ ಹೇಳಿ. ಪಿನ್ನಿನ ತುದಿಯನ್ನು ಬೆರಳಿನಿಂದ ಮುಟ್ಟಬಾರದು, ಟವೆಲ್ಲಿನಿಂದ ಒರೆಸಬಾರದು. ಒಳಗೆ ಬೆಳಕು ಬರುತ್ತಿದೆಯಾ ಅಂತ ಕಣ್ಣಿಟ್ಟು ನೋಡುವುದಂತೂ ಬೇಡವೇ ಬೇಡ. ಅದು ಕಣ್ಣಿಗೆ ಕಾಣದ ಲೇಸರ್ ಬೆಳಕು.

ಇನ್ನೊಂದು ಮಾತು. ನೀವು ಹಳೇ ಬಾಕ್ಸ್ ಕೆಟ್ಟಿದೆ ಎಂದು ಹೊಸದು ಕೊಳ್ಳಲು ಹೊರಟಿದ್ದರೆ ಮೊದಲು ದೀಪ ನೋಡಿ. ಲಾಸ್ ಅನ್ನುವ ಕೆಂಪು ದೀಪ ಮಿನುಗುತ್ತಿದ್ದರೆ ಹೆಚ್ಚಿನ ಸಲ ಕೆಟ್ಟಿರುವುದು ಲೈನು, ಬಾಕ್ಸ್ ಅಲ್ಲ. ರಸ್ತೆ ಅಗೆದಾಗ ತುಂಡಾಗಿರಬಹುದು. ಗುಬ್ಬಿ, ತಿಪಟೂರು ಕಡೆ ತೋಟದ ಮನೆಗಳಿಗೆ ಮರದಿಂದ ಮರಕ್ಕೆ ಎಳೆದ ತಂತಿಯ ಮೇಲೆ ತೆಂಗಿನ ಗರಿ ಬಿದ್ದಿರಬಹುದು, ಅಳಿಲು ಕಡಿದಿರಬಹುದು. ಬಾಕ್ಸಿನ ಸೆಟ್ಟಿಂಗ್ ಪುಟದಲ್ಲಿ ಆಪ್ಟಿಕಲ್ ಪವರ್ ಎಂದು ಒಂದು ಮೈನಸ್ ಅಂಕಿ ಇರುತ್ತದೆ. ಮೈನಸ್ 15ರಿಂದ 24ರ ನಡುವೆ ಇದ್ದರೆ ಚಿಂತೆಯಿಲ್ಲ. ಮೈನಸ್ 27, 28 ತೋರಿಸಿದರೆ ಲೈನ್ ರಿಪೇರಿ ಆಗಲೇಬೇಕು. ಈ ಅಂಕಿ 3 ಇಳಿಯಿತು ಎಂದರೆ ಬಾಕ್ಸಿಗೆ ತಲುಪುವ ಬೆಳಕು ಅರ್ಧಕ್ಕೆ ಇಳಿಯಿತು ಎಂದೇ ಲೆಕ್ಕ. ಅದನ್ನು ಹೊಸ ಬಾಕ್ಸ್ ಸರಿ ಮಾಡುವುದಿಲ್ಲ.

ಸೆಕೆಂಡ್ ಹ್ಯಾಂಡ್ ಓಎನ್‌ಟಿ ಬಗ್ಗೆ ಕೇಳುವವರಿಗೆ ನನ್ನ ಉತ್ತರ ಒಂದೇ, ಬೇಡ. ಅಗ್ಗಕ್ಕೆ ಸಿಗುವ ಬಾಕ್ಸುಗಳಲ್ಲಿ ಬೇರೆ ಕಂಪನಿಯವರು ತಮ್ಮ ಗ್ರಾಹಕರಿಗೆ ಕೊಟ್ಟು ಲಾಕ್ ಮಾಡಿದ್ದವೇ ಜಾಸ್ತಿ. ಯೂಟ್ಯೂಬ್ ನೋಡಿ ಅನ್‌ಲಾಕ್ ಮಾಡುತ್ತೇನೆ ಅನ್ನುವ ಅಳಿಯಂದಿರು ಎಲ್ಲ ಮನೆಯಲ್ಲೂ ಒಬ್ಬರು ಇರುತ್ತಾರೆ. ಅವರ ಮಾತಿಗೆ ದುಡ್ಡು ಹಾಕಬೇಡಿ.

3. ವೈಫೈ ಮತ್ತು ಪೋರ್ಟ್

ಆಂಟೆನಾ ಎಣಿಸಬೇಡಿ. ಎಷ್ಟು ಆಂಟೆನಾ ಇದೆ ಅನ್ನುವುದರಿಂದ ವೇಗ ಗೊತ್ತಾಗುವುದಿಲ್ಲ. ಡ್ಯುಯಲ್ ಬ್ಯಾಂಡ್ ಅನ್ನುವ ಪದ ಹುಡುಕಿ, ಅಂದರೆ ವೈಫೈನ 2.4 ಮತ್ತು 5 ಗಿಗಾಹರ್ಟ್ಸ್ ಬ್ಯಾಂಡ್ ಎರಡೂ ಇರಬೇಕು. 2.4 ಗಿಗಾಹರ್ಟ್ಸ್ ಮಾತ್ರ ಇರುವ 300 ಎಂಬಿಪಿಎಸ್ ಬಾಕ್ಸನ್ನು ಉಚಿತವಾಗಿ ಕೊಟ್ಟರೂ ನಾನು ಬೇಡ ಅನ್ನುತ್ತೇನೆ. ಆ ಬ್ಯಾಂಡಿನಲ್ಲಿ ಒಂದಕ್ಕೊಂದು ಅಡ್ಡ ಬರದ ಚಾನೆಲ್ ಮೂರೇ, 1, 6 ಮತ್ತು 11. ಎಸ್‌ಐಟಿ ಇಂಜಿನಿಯರಿಂಗ್ ಕಾಲೇಜಿನ ಸುತ್ತಮುತ್ತ ಪಿಜಿಗಳೂ ಬಾಡಿಗೆ ಮನೆಗಳೂ ಒತ್ತೊತ್ತಾಗಿರುವ ಬೀದಿಯಲ್ಲಿ ಫೋನ್ ತೆರೆದು ವೈಫೈ ಪಟ್ಟಿ ನೋಡಿ, ಆ ಮೂರು ಚಾನೆಲ್‌ಗೆ ಎಷ್ಟು ಜನ ಜಗಳ ಆಡುತ್ತಿದ್ದಾರೆ ಎಂದು ಗೊತ್ತಾಗುತ್ತದೆ.

ಡಬ್ಬಿಯ ಮೇಲಿನ ದೊಡ್ಡ ಅಂಕಿಯನ್ನೂ ನಂಬಬೇಡಿ. ಎಸಿ 1200 ಎಂದರೆ ಒಂದು ಬ್ಯಾಂಡಿನ 300, ಇನ್ನೊಂದರ 867 ಕೂಡಿಸಿ, ಮೇಲಕ್ಕೆ ದುಂಡು ಮಾಡಿದ್ದು. ನಿಮ್ಮ ಫೋನು ಒಂದು ಸಲಕ್ಕೆ ಒಂದೇ ಬ್ಯಾಂಡಿನಲ್ಲಿ ಇರುತ್ತದೆ, ಅದೂ ಕಾಗದದ ಮೇಲಿನ ವೇಗ. ಹಾಗಿದ್ದರೂ 100ರಿಂದ 200 ಎಂಬಿಪಿಎಸ್ ಪ್ಲಾನಿಗೆ ಎಸಿ 1200 ಧಾರಾಳವಾಯಿತು. 300ಕ್ಕಿಂತ ಮೇಲಿನ ಪ್ಲಾನ್ ಇದ್ದರೆ, ಇಲ್ಲವೇ ಮನೆಯಲ್ಲಿ ಹತ್ತಾರು ಸಾಧನಗಳಿದ್ದರೆ ವೈಫೈ 6 ಇರುವುದನ್ನು ನೋಡಿ. 50 ಎಂಬಿಪಿಎಸ್ ಪ್ಲಾನ್ ಹಾಕಿಸಿಕೊಂಡು ವೈಫೈ 7 ಬಾಕ್ಸ್ ಹುಡುಕುವವರಿಗೆ ಏನು ಹೇಳುವುದು?

ಪೋರ್ಟ್ ವಿಷಯದಲ್ಲಿ ಮೋಸ ಜಾಸ್ತಿ. ಹೆಸರಿನಲ್ಲಿ ಗಿಗಾಬಿಟ್ ಅಂತ ಇರುತ್ತದೆ. ಹಿಂದೆ ನೋಡಿದರೆ ಒಂದು ಪೋರ್ಟ್ ಮಾತ್ರ ಗಿಗಾಬಿಟ್, ಮಿಕ್ಕವು 100 ಎಂಬಿಪಿಎಸ್. ಅಂಥ ಪೋರ್ಟಿಗೆ ಕಂಪ್ಯೂಟರ್ ಹಾಕಿದರೆ ಪ್ಲಾನ್ ಎಷ್ಟೇ ಇರಲಿ, 94ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ವಿವರಗಳ ಪಟ್ಟಿಯಲ್ಲಿ ಜಿಇ ಎಂದರೆ ಗಿಗಾಬಿಟ್, ಎಫ್‌ಇ ಎಂದರೆ 100. ಎಲ್ಲವೂ ಜಿಇ ಇರುವುದನ್ನೇ ಕೊಳ್ಳಿ.

ಅಡಾಪ್ಟರಿನ ಮೇಲೆ ಬಿಐಎಸ್ ಗುರುತು, ಆರ್ ಅಕ್ಷರದಿಂದ ಶುರುವಾಗುವ ನಂಬರ್ ಇರಲಿ. ಕನಿಷ್ಠ ಒಂದು ವರ್ಷದ ವಾರಂಟಿ ಇರಲಿ, ಬಿಲ್ ತೆಗೆದುಕೊಳ್ಳಿ.

4. ಎಲ್ಲಿ ಇಡುತ್ತೀರಿ?

ಫೈಬರ್ ಎಳೆಯುವ ಹುಡುಗನಿಗೆ ಹತ್ತಿರದ ಕಿಟಕಿ ಸಿಕ್ಕರೆ ಸಾಕು, ಅಲ್ಲೇ ಬಾಕ್ಸ್ ಹೊಡೆದು ಹೋಗುತ್ತಾನೆ. ಬಿಡಬೇಡಿ. ಇನ್ನೂ ಹದಿನೈದು ಮೀಟರ್ ತಂತಿ ಜಾಸ್ತಿ ಆದರೂ ಹಾಲಿನ ನಡುವೆ, ಆಳೆತ್ತರದಲ್ಲಿ ಇಡಿಸಿ. ಟಿವಿ ಹಿಂದೆ, ಗಾಡ್ರೇಜ್ ಬೀರು ಪಕ್ಕ, ಫ್ರಿಜ್ ಮೇಲೆ ಬೇಡ. ತಂತಿಯನ್ನು ಮೂಲೆಯಲ್ಲಿ ಚೂಪಾಗಿ ಮಡಚಿ ಮೊಳೆ ಹೊಡೆಯಲೂ ಬಿಡಬೇಡಿ, ಆ ಮಡಿಕೆಯಲ್ಲೇ ಬೆಳಕು ಸೋರುವುದು.

5 ಗಿಗಾಹರ್ಟ್ಸ್ ವೇಗವಾಗಿರುತ್ತದೆ, ಆದರೆ ಗೋಡೆ ದಾಟಲು ಒದ್ದಾಡುತ್ತದೆ. ಮಧುಗಿರಿ, ಪಾವಗಡ ಕಡೆಯ ಹಳೇ ಕಲ್ಲಿನ ಗೋಡೆಯ ಮನೆಗಳಲ್ಲಿ ಪಕ್ಕದ ಕೋಣೆಗೇ ಅರೆಬರೆ ತಲುಪುತ್ತದೆ. ಮಹಡಿ ಮನೆಯಲ್ಲಿ ಮೇಲಕ್ಕೂ ಒಂದೇ ಬಾಕ್ಸಿನಿಂದ ಸಿಗ್ನಲ್ ಬೇಕು ಎನ್ನುವುದು ಆಗದ ಮಾತು. ಅದಕ್ಕೆ ಜನ ತರುವುದು ಪ್ಲಗ್ಗಿಗೆ ಚುಚ್ಚುವ ರಿಪೀಟರ್. ಒಂದೇ ಬ್ಯಾಂಡಿನದಾದರೆ ಅದು ಕೇಳಿಸಿಕೊಂಡದ್ದನ್ನು ಮತ್ತೆ ಹೇಳಬೇಕು, ಹಾಗಾಗಿ ವೇಗ ಸುಮಾರು ಅರ್ಧ ಆಗುತ್ತದೆ. ಕಡ್ಡಿಗಳು ತುಂಬಿರುತ್ತವೆ, ವಿಡಿಯೋ ಮಾತ್ರ ತಿರುಗುತ್ತಲೇ ಇರುತ್ತದೆ. ಮೇಲಕ್ಕೆ ಒಂದು ಲ್ಯಾನ್ ಕೇಬಲ್ ಎಳೆದು ಅಲ್ಲೊಂದು ಸಾಧಾರಣ ರೂಟರನ್ನು ಆಕ್ಸೆಸ್ ಪಾಯಿಂಟ್ ಆಗಿ, ಅಂದರೆ ಬರೀ ವೈಫೈ ಹಂಚುವ ಡಬ್ಬಿಯಾಗಿ, ಹಾಕಿ. ಕೇಬಲ್ ಕಾಣುತ್ತದೆ ಎಂದು ಮನೆಯವರು ಗೊಣಗಬಹುದು, ಗೊಣಗಲಿ.

ಕರೆಂಟ್ ವಿಷಯ ಬೆಸ್ಕಾಂ ವ್ಯಾಪ್ತಿಯ ನಮಗೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ. ಇನ್ವರ್ಟರ್ ಇಲ್ಲದ ಮನೆಯಲ್ಲಿ ಬಾಕ್ಸಿಗೆ ಒಂದು ಮಿನಿ ಯುಪಿಎಸ್ ತನ್ನಿ. ಹೆಚ್ಚಿನ ಓಎನ್‌ಟಿಗಳಿಗೆ 12 ವೋಲ್ಟ್ ಬೇಕು. ಆಂಪಿಯರ್ ಎಷ್ಟು ಎಂದು ಅಡಾಪ್ಟರ್ ಮೇಲೆ ನೋಡಿ, ಯುಪಿಎಸ್ಸಿನದು ಅಷ್ಟಾದರೂ ಇರಬೇಕು. ಅದರ ಜೊತೆಗೇ ಆಪರೇಟರನ್ನು ಕೇಳಿ, ಬೀದಿಯ ಕರೆಂಟ್ ಹೋದಾಗ ಅವರ ಕಡೆಯ ಯಂತ್ರಕ್ಕೆ ಬ್ಯಾಟರಿ ಇದೆಯಾ ಎಂದು. ಇಲ್ಲದಿದ್ದರೆ ನಿಮ್ಮ ಯುಪಿಎಸ್ ಬರೀ ದೀಪ ಉರಿಸುತ್ತದೆ.

5. ಹಾಕಿದ ದಿನವೇ ಮಾಡಬೇಕಾದದ್ದು

ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ, ವೈಫೈ ಪಾಸ್‌ವರ್ಡ್ ಬದಲಾಯಿಸಿ, ಪಾಸ್‌ವರ್ಡ್ ಹಾಕದೆ ಬಟನ್ ಅಥವಾ ಪಿನ್ ನಂಬರಿನಿಂದ ವೈಫೈ ಸೇರಿಸುವ ಡಬ್ಲ್ಯುಪಿಎಸ್ ಆಫ್ ಮಾಡಿ, ವೈಫೈ ಸುರಕ್ಷತೆಯ ಸೆಟ್ಟಿಂಗಿನಲ್ಲಿ ಡಬ್ಲ್ಯುಪಿಎ 2 ಅಥವಾ 3 ಇಡಿ. ವೈಫೈ ಪಾಸ್‌ವರ್ಡಿಗೆ ನಿಮ್ಮ ಮೊಬೈಲ್ ನಂಬರ್ ಹಾಕುವುದು ಲೈನಿನ ಹುಡುಗರ ಅಭ್ಯಾಸ, ಅದು ಇಡೀ ಬೀದಿಗೆ ಗೊತ್ತಿರುತ್ತದೆ. ಎರಡು ಬ್ಯಾಂಡಿಗೆ ಬೇರೆ ಬೇರೆ ಹೆಸರು ಕೊಡಿ. ಒಂದೇ ಹೆಸರು ಇಡಿ ಎಂದು ಹೇಳುವವರಿದ್ದಾರೆ, ನಾನು ಒಪ್ಪುವುದಿಲ್ಲ. ಅಗ್ಗದ ಸಿಸಿಟಿವಿ ಕ್ಯಾಮೆರಾ, ಸ್ಮಾರ್ಟ್ ಬಲ್ಬುಗಳಲ್ಲಿ ಹೆಚ್ಚಿನವು 2.4ರಲ್ಲಿ ಮಾತ್ರ ಸೇರುತ್ತವೆ, ಹೆಸರು ಬೇರೆ ಇದ್ದರೆ ಸೇರಿಸುವ ಗೋಳಾಟ ತಪ್ಪುತ್ತದೆ.

ಹುಡುಗ ಹೊರಡುವ ಮುಂಚೆ ಲ್ಯಾನ್ ಕೇಬಲ್ ಹಾಕಿ ಒಂದು ಸ್ಪೀಡ್ ಟೆಸ್ಟ್, ಆಮೇಲೆ ವೈಫೈನಲ್ಲಿ ಒಂದು. ಮೊದಲನೆಯದು ಕಮ್ಮಿ ಬಂದರೆ ಅವರ ತಲೆನೋವು, ಎರಡನೆಯದು ಮಾತ್ರ ಕಮ್ಮಿ ಬಂದರೆ ಬಾಕ್ಸಿನದೋ ಗೋಡೆಯದೋ. ಹಳೇ ಬಾಕ್ಸ್ ಆಪರೇಟರದ್ದಾಗಿದ್ದರೆ ಅಡಾಪ್ಟರ್ ಸಮೇತ ವಾಪಸ್ ಕೊಟ್ಟು, ಕೊಟ್ಟಿದ್ದಕ್ಕೆ ಬರಹದಲ್ಲಿ ರಸೀದಿ ತೆಗೆದುಕೊಳ್ಳಿ, ಇಲ್ಲದಿದ್ದರೆ ಡೆಪಾಸಿಟ್ ಕೇಳಲು ಹೋದಾಗ ‘ನಮಗೆ ಬಾಕ್ಸೇ ಬಂದಿಲ್ಲವಲ್ಲ’ ಅಂದುಬಿಡುತ್ತಾರೆ.